ಬಾಗೂರಿನ ತಂದೆಯೂ ಕಾಲೇಜಿನ ಬಾಗಿಲೂ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶಗಳು ಪ್ರಕಟವಾಗಿ, ಮಕ್ಕಳನ್ನು ಮುಂದೆ ಎಲ್ಲಿಗೆ ಸೇರಿಸಬೇಕೆಂಬ ಆಲೋಚನೆಯು ಮನೆಮನೆಯಲ್ಲಿಯೂ ನಡೆಯುತ್ತಿರುವ ಕಾಲವಿದು. ಪಟ್ಟಣದ ಗೋಡೆಗಳ ಮೇಲೆಲ್ಲ ಕಾಲೇಜುಗಳ ಪ್ರಕಟನಪತ್ರಗಳೇ ಕಾಣುತ್ತವೆ. ನಮ್ಮ ಪತ್ರಿಕೆಯಲ್ಲಿಯೂ ಅವುಗಳ ಜಾಹೀರಾತುಗಳು ಅಚ್ಚಾಗುತ್ತಿರುವುದನ್ನು ವಾಚಕರು ನೋಡಿಯೇ ಇರುವರು. ಯಾವ ಕಾಲೇಜಿನಲ್ಲಿ ಎಷ್ಟು ಮಂದಿಗೆ ಎಷ್ಟು ಅಂಕಗಳು ಬಂದುವೆಂಬುದು ಅವುಗಳಲ್ಲಿ ದಪ್ಪಕ್ಷರಗಳಲ್ಲಿರುತ್ತದೆ. ಅಲ್ಲಿ ಓದಿ ಮುಗಿಸುವುದಕ್ಕೆ ಒಟ್ಟು ಎಷ್ಟು ಹಣ ಬೇಕು, ಆ ಹಣದಲ್ಲಿ ಎಷ್ಟು ಭಾಗಕ್ಕೆ ಯಾರಿಂದ ಸಹಾಯ ದೊರೆಯುತ್ತದೆ ಎಂಬುದು ಮಾತ್ರ ಸಣ್ಣಕ್ಷರಗಳಲ್ಲಿಯೂ ಇರುವುದಿಲ್ಲ. ತಂದೆತಾಯಿಗಳಿಗೆ ಎಲ್ಲಕ್ಕಿಂತ ಮೊದಲು ಬೇಕಾದ ಸಂಗತಿಯು ಎಲ್ಲಕ್ಕಿಂತ ಕಡೆಗೆ ತಿಳಿಯುತ್ತದೆ. ಇದರಿಂದಾಗುವ ಹಾನಿಯೆಷ್ಟೆಂಬುದು ಕಳೆದ ವಾರ ನಮ್ಮ ಕಾರ್ಯಾಲಯಕ್ಕೆ ಬಂದಿದ್ದ ಗೃಹಸ್ಥರೊಬ್ಬರ ಮಾತಿನಿಂದ ನಮಗೆ ಮನದಟ್ಟಾಯಿತು.

ಅವರು ಚನ್ನರಾಯಪಟ್ಟಣ ತಾಲ್ಲೂಕು ಬಾಗೂರು ಹೋಬಳಿಯ ರೈತರು. ಹೆಸರು ಹೇಳುವ ಅಗತ್ಯವಿಲ್ಲ. ಆ ಸೀಮೆಯ ನೂರಾರು ಮನೆಗಳಂತೆ ಅವರದೂ ಒಂದು ಮನೆ. ಸ್ವಲ್ಪ ತೆಂಗಿನ ತೋಟ, ಮಳೆಯನ್ನು ನಂಬಿದ ರಾಗಿಯ ಹೊಲ, ಕರೆಯುವ ಎರಡು ಹಸುಗಳು. ಒಬ್ಬ ಮಗ, ಒಬ್ಬ ಮಗಳು. ಮಗನು ಹಿರಿಯವನು. ಆತನಿಗೆ ಆರು ವರ್ಷ ತುಂಬಿದಾಗ ಚನ್ನರಾಯಪಟ್ಟಣದ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದರು. ಹತ್ತು ವರ್ಷ ಆತನು ದಿನವೂ ಶಾಲೆಯ ವ್ಯಾನಿನಲ್ಲಿ ಪಟ್ಟಣಕ್ಕೆ ಹೋಗಿಬಂದನು. ಇಬ್ಬರ ಶುಲ್ಕವನ್ನೂ ವ್ಯಾನಿನ ಬಾಡಿಗೆಯನ್ನೂ ಕೊಡಲಾರದೆ, ಮಗಳನ್ನು ಊರಿನ ಸರ್ಕಾರಿ ಕನ್ನಡ ಶಾಲೆಯಲ್ಲಿಯೇ ಬಿಟ್ಟರು. 2023ರಲ್ಲಿ ಮಗನನ್ನು ಖಾಸಗಿ ಪದವಿಪೂರ್ವ ಕಾಲೇಜಿಗೆ ಸೇರಿಸುವಾಗ ಕೊಬ್ಬರಿಯ ಧಾರಣೆ ಕುಸಿದಿತ್ತು. ಆ ವರ್ಷ ಉಂಡೆ ಕೊಬ್ಬರಿಗೆ ಕ್ವಿಂಟಲ್ಲಿಗೆ 11,750 ರೂಪಾಯಿಗಳ ಬೆಂಬಲ ಬೆಲೆ ಗೊತ್ತಾಗಿದ್ದರೂ ತಿಪಟೂರಿನ ಮಾರುಕಟ್ಟೆಯಲ್ಲಿ ಧಾರಣೆಯು ಅದಕ್ಕಿಂತ ಬಹಳ ಕೆಳಗಿಳಿದುದನ್ನು ಆ ಕಡೆಯ ತೆಂಗಿನ ಬೆಳೆಗಾರರು ಮರೆತಿರಲಾರರು. ಹಾಗಿದ್ದರೂ ಅವರು ಹಿಂಜರಿಯಲಿಲ್ಲ. 2025ರಲ್ಲಿ ಮಗನಿಗೆ ಸಿ.ಇ.ಟಿ. ಪರೀಕ್ಷೆಯಲ್ಲಿ ಸಾಧಾರಣವಾದ ಸ್ಥಾನ ಬಂದು, ಬೆಂಗಳೂರಿನ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ದೊರೆಯಿತು. ಶುಲ್ಕಕ್ಕೂ ಊಟವಸತಿಗೂ ಸೇರಿ ತೋಟದ ಮೇಲೆ ಸಾಲವಾಯಿತು.

ಈಗ ಮಗಳು ಒಳ್ಳೆಯ ಅಂಕಗಳಿಂದ ಎಸ್.ಎಸ್.ಎಲ್.ಸಿ.ಯಲ್ಲಿ ತೇರ್ಗಡೆಯಾಗಿದ್ದಾಳೆ. “ಮಗನ ವಿಚಾರದಲ್ಲಿ ಕೈ ಸುಟ್ಟುಕೊಂಡದ್ದಾಯಿತು, ಸ್ವಾಮಿ. ಮಗಳಿಗೆ ಅನ್ಯಾಯ ಮಾಡಿದೆನೆಂಬ ಕೊರಗು ಬೇರೆ ಇದೆ. ಈಗಲಾದರೂ ಆಕೆಯನ್ನು ಪಟ್ಟಣದ ಒಳ್ಳೆಯ ಖಾಸಗಿ ಕಾಲೇಜಿಗೆ ಸೇರಿಸಿಬಿಡಲೇ?” ಎಂದು ಅವರು ನಮ್ಮನ್ನು ಕೇಳಿದರು.

ನಾವು ಪಾಠಶಾಲೆಯಲ್ಲಿ ಓದಿ ಮೆಟ್ರಿಕ್ಯುಲೇಷನ್ನಿಗೆ ನಿಂತವರು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದುದರಿಂದ ಒಡನೆಯೇ ಉತ್ತರ ಕೊಡಲು ನಮಗೆ ಧೈರ್ಯವಾಗಲಿಲ್ಲ. ಅವರನ್ನು ಕುಳ್ಳಿರಿಸಿಕೊಂಡು, ತಿಳಿದವರನ್ನು ವಿಚಾರಿಸಿ, ಪ್ರವೇಶದ ನಿಯಮಗಳನ್ನು ಓದಿ ನೋಡಿದೆವು. ಕಂಡುಬಂದ ಸಂಗತಿಯು ಆ ತಂದೆಯನ್ನು ಹೇಗೋ ಹಾಗೆ ನಮ್ಮನ್ನೂ ಆಶ್ಚರ್ಯಪಡಿಸಿತು. ಹೆಚ್ಚು ಹಣ ಸುರಿದು ಓದಿಸಿದ ಮಗನ ಪಾಲಿಗೆ ಅಗ್ಗದ ಸೀಟಿನ ಎರಡು ಬಾಗಿಲುಗಳು ಆರನೆಯ ವಯಸ್ಸಿನಲ್ಲಿಯೇ ಮುಚ್ಚಿಹೋಗಿದ್ದುವು. ಹಣವಿಲ್ಲದೆ ಊರಿನ ಶಾಲೆಯಲ್ಲಿ ಬಿಟ್ಟ ಮಗಳ ಪಾಲಿಗೆ ಆ ಬಾಗಿಲುಗಳೆಲ್ಲ ತೆರೆದೇ ಇದ್ದುವು.

ಇದು ಹೇಗೆಂಬುದನ್ನು ವಾಚಕರು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ನಮ್ಮ ರಾಜ್ಯದಲ್ಲಿ ಸಿ.ಇ.ಟಿ. ಮೂಲಕ ಸರ್ಕಾರವು ಹಂಚುವ ವೃತ್ತಿಶಿಕ್ಷಣದ ಸ್ಥಾನಗಳಲ್ಲಿ ಪ್ರತಿಯೊಂದು ವರ್ಗದೊಳಗೂ ನೂರಕ್ಕೆ 15 ಸ್ಥಾನಗಳು ಗ್ರಾಮೀಣ ವಿದ್ಯಾರ್ಥಿಗಳಿಗೂ, ನೂರಕ್ಕೆ 5 ಸ್ಥಾನಗಳು ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಮೀಸಲಾಗಿವೆ. ಗ್ರಾಮೀಣ ಮೀಸಲಿಗೆ ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರ ಪ್ರದೇಶದ ಶಾಲೆಯಲ್ಲಿಯೇ ಓದಿರಬೇಕು. ವಿದ್ಯಾರ್ಥಿಯ ಮನೆ ಹಳ್ಳಿಯಲ್ಲಿದ್ದರೆ ಸಾಲದು, ಶಾಲೆಯು ಹಳ್ಳಿಯಲ್ಲಿರಬೇಕು. ಅದು ಸರ್ಕಾರದ್ದೋ ಖಾಸಗಿಯದೋ ಎಂಬುದು ಇಲ್ಲಿ ಮುಖ್ಯವಲ್ಲ. ಚನ್ನರಾಯಪಟ್ಟಣವು ಪುರಸಭೆಯ ಆಡಳಿತಕ್ಕೆ ಸೇರಿದ ಪಟ್ಟಣ. ಬಾಗೂರಿನ ಹೊಲದಲ್ಲಿ ಹುಟ್ಟಿ ಬೆಳೆದ ಹುಡುಗನು ದಿನವೂ ವ್ಯಾನು ಹತ್ತಿ ಆ ಪಟ್ಟಣಕ್ಕೆ ಹೋಗಿಬಂದ ಮಾತ್ರಕ್ಕೆ, ಈ ನಿಯಮದ ದೃಷ್ಟಿಯಲ್ಲಿ ಪಟ್ಟಣದ ಹುಡುಗನಾಗಿಬಿಟ್ಟನು. ಕನ್ನಡ ಮಾಧ್ಯಮದ ಮೀಸಲಿಗೂ ಹತ್ತು ವರ್ಷಗಳ ವ್ಯಾಸಂಗವೇ ಬೇಕಾಗಿರುವುದರಿಂದ ಅದೂ ತಪ್ಪಿತು.

ಈ ಮೀಸಲುಗಳಿಗೂ ಹಣಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವು ನೇರವಾದುದೇ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ವರ್ಷದ ಶುಲ್ಕವು, ಖಾಸಗಿ ಕಾಲೇಜಿನಲ್ಲಿ ಸರ್ಕಾರವೇ ಹಂಚುವ ಸೀಟಿನ ಶುಲ್ಕದ ಸುಮಾರು ಅರ್ಧದಷ್ಟು. ಖಾಸಗಿ ಕಾಲೇಜಿನ ಆ ಸೀಟಿಗೆ ವರ್ಷಕ್ಕೆ ಲಕ್ಷ ರೂಪಾಯಿಗಳ ಆಸುಪಾಸು ಬೇಕು. ಆಡಳಿತ ಮಂಡಲಿಯವರು ತಾವೇ ತುಂಬುವ ಸೀಟಿಗೆ ಅದರ ಹಲವು ಪಟ್ಟು ಬೇಕು. ಯಾವ ಬಾಗಿಲಿನಿಂದ ಒಳಗೆ ಹೋದೆವೆಂಬುದರ ಮೇಲೆ ವಿದ್ಯೆಯ ಬೆಲೆಯು ಗೊತ್ತಾಗುತ್ತದೆ. ಹಾಸನದಲ್ಲಿ 1960ರಲ್ಲಿ ಸ್ಥಾಪಿತವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿದೆ; ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಇದೆ. ಮೀಸಲಿನ ಬಲದಿಂದ ಜಿಲ್ಲೆಯೊಳಗೇ ಒಂದು ಸೀಟು ಸಿಕ್ಕಿದ್ದರೆ ಆ ಹುಡುಗನ ಊಟವಸತಿಯ ವೆಚ್ಚದಲ್ಲಿಯೂ ಬಹುಭಾಗವು ಉಳಿಯುತ್ತಿತ್ತು. ಆದುದರಿಂದ ಸರ್ಕಾರಿ ಸೀಟು ಎಂಬುದೇ ಒಂದು ವಿದ್ಯಾರ್ಥಿವೇತನ. ಅದೂ ಎಲ್ಲ ವೇತನಗಳಿಗಿಂತ ದೊಡ್ಡ ವೇತನ. ಕರಾವಳಿಯ ವಸತಿ ಕಾಲೇಜುಗಳಿಗೆ ಎರಡು ವರ್ಷ ಲಕ್ಷಗಟ್ಟಲೆ ಹಣ ಕಟ್ಟಿ ಮಕ್ಕಳನ್ನು ಪಿ.ಯು. ಓದಿಸುವ ನಮ್ಮ ಜಿಲ್ಲೆಯ ತಂದೆತಾಯಿಗಳು ಲೆಕ್ಕ ತಿಳಿಯದವರೆಂದು ಯಾರೂ ಹಾಸ್ಯ ಮಾಡಬೇಕಾಗಿಲ್ಲ. ಅವರು ಮುಂದಿನ ನಾಲ್ಕೈದು ವರ್ಷಗಳ ಶುಲ್ಕವನ್ನು ಉಳಿಸುವ ಆಸೆಯಿಂದ ಎರಡು ವರ್ಷಗಳ ಹಣವನ್ನು ಪಣವಾಗಿ ಒಡ್ಡುತ್ತಿದ್ದಾರೆ. ಪಣವು ಗೆಲ್ಲಬಹುದು, ಸೋಲಬಹುದು. ಸೋತರೆ ಎರಡು ಹಣವೂ ಹೋಗುತ್ತದೆ.

ಇನ್ನೊಂದು ಸಂಗತಿ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಏರ್ಪಾಟಿನಂತೆ, ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಳೊಳಗಿನ ಕುಟುಂಬದ ಮಕ್ಕಳಿಗಾಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನೂರಕ್ಕೆ 5ರಂತೆ ಹೆಚ್ಚುವರಿ ಸ್ಥಾನಗಳಿವೆ, ಅವುಗಳಿಗೆ ಬೋಧನಾಶುಲ್ಕವಿಲ್ಲ. ಅರ್ಜಿಯಲ್ಲಿಯೇ ಆದಾಯದ ಪ್ರಮಾಣಪತ್ರವನ್ನು ತೋರಿಸಿ ಕೋರಿಕೊಂಡರೆ ಅಂಕಸ್ಥಾನದ ಕ್ರಮದಲ್ಲಿ ಅವು ದೊರೆಯುತ್ತವೆ. ನಮ್ಮ ಗೃಹಸ್ಥರ ಮಗನು ಅದನ್ನು ಕೋರಿರಲಿಲ್ಲ. ಯಾರೂ ಹೇಳಲಿಲ್ಲವೆಂದು ತಂದೆಯು ಹೇಳಿದರು. ಕೋರಿದ್ದರೆ ದೊರೆಯುತ್ತಿತ್ತೆಂದು ನಾವು ಹೇಳಲಾರೆವು; ಕೋರದೆ ದೊರೆಯುವುದಿಲ್ಲವೆಂಬುದು ಮಾತ್ರ ನಿಶ್ಚಯ.

ಇನ್ನು ಸಾಲದ ವಿಷಯ. ಬ್ಯಾಂಕುಗಳು 4 ಲಕ್ಷ ರೂಪಾಯಿಗಳವರೆಗಿನ ಶಿಕ್ಷಣಸಾಲಕ್ಕೆ ಆಧಾರವನ್ನು ಕೇಳುವುದಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಅನಂತರ 15 ವರ್ಷಗಳವರೆಗೆ ಕಾಲಾವಕಾಶವಿದೆ. ಕೇಳುವುದಕ್ಕೆ ಇದು ಸುಲಭವಾಗಿಯೇ ಇದೆ. ಆದರೆ 4 ಲಕ್ಷಕ್ಕೆ ನೂರಕ್ಕೆ 10ರ ಬಡ್ಡಿಯೆಂದು ಇಟ್ಟುಕೊಂಡು 15 ವರ್ಷಗಳಿಗೆ ಲೆಕ್ಕ ಹಾಕಿದರೆ, ತಿಂಗಳಿಗೆ ಸುಮಾರು 4,300 ರೂಪಾಯಿ. ಒಟ್ಟು ಕಟ್ಟಬೇಕಾದುದು 7 ಲಕ್ಷ 70 ಸಾವಿರಕ್ಕೂ ಮೇಲೆ. ಓದುವ ಕಾಲದಲ್ಲಿ ಬೆಳೆದ ಬಡ್ಡಿಯು ಇದರಲ್ಲಿ ಸೇರಿಲ್ಲ. ಆ ಬಡ್ಡಿಯ ಭಾರವನ್ನು ಇಳಿಸುವುದಕ್ಕೆ ಕೇಂದ್ರ ಸರ್ಕಾರದವರು ಏರ್ಪಾಟುಗಳನ್ನು ಮಾಡಿದ್ದಾರೆ. 2024ರ ನವೆಂಬರ್ 6ರಂದು ಕೇಂದ್ರ ಮಂತ್ರಿಮಂಡಲವು ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಂತೆ, 8 ಲಕ್ಷದೊಳಗಿನ ಆದಾಯದ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ ನೂರಕ್ಕೆ 3ರ ಬಡ್ಡಿ ರಿಯಾಯಿತಿಯಿದೆ. ಆದರೆ ಅದು ಗೊತ್ತಾದ ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಮಾತ್ರ. ಯೋಜನೆಯನ್ನು ಪ್ರಕಟಿಸಿದಾಗ ಆ ಪಟ್ಟಿಯಲ್ಲಿದ್ದುವು ದೇಶಕ್ಕೆಲ್ಲ 860 ಸಂಸ್ಥೆಗಳು. ಒಂದೇ ರಸ್ತೆಯ ಎರಡು ಕಾಲೇಜುಗಳಲ್ಲಿ ಒಂದು ಪಟ್ಟಿಯೊಳಗೂ ಮತ್ತೊಂದು ಹೊರಗೂ ಇರಬಹುದು. ಕಾಲೇಜನ್ನು ಆರಿಸುವ ಮೊದಲೇ ಇದು ತಿಳಿದಿದ್ದರೆ ಪ್ರಯೋಜನ. ಸೇರಿದ ಮೇಲೆ ತಿಳಿದರೆ ವ್ಯಥೆ.

ಸರ್ಕಾರವು ಏನೂ ಕೊಡುತ್ತಿಲ್ಲವೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅಸತ್ಯವಾದೀತು. ಪರಿಶಿಷ್ಟ ಜಾತಿಯ ಮಕ್ಕಳಿಗೆ, ಕುಟುಂಬದ ಆದಾಯವು ಎರಡೂವರೆ ಲಕ್ಷದೊಳಗಿದ್ದರೆ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ. ಹಿಂದುಳಿದ ವರ್ಗಗಳ ಮಕ್ಕಳಿಗೆ ಸರ್ಕಾರಿ ವಿದ್ಯಾರ್ಥಿನಿಲಯಗಳಿವೆ. ಅಲ್ಲಿ ಸ್ಥಳ ದೊರೆಯದವರಿಗೆ ವಿದ್ಯಾಸಿರಿ ಎಂಬ ಹೆಸರಿನಲ್ಲಿ ತಿಂಗಳಿಗೆ 1,500 ರೂಪಾಯಿಗಳಂತೆ ಹತ್ತು ತಿಂಗಳಿಗೆ 15,000 ರೂಪಾಯಿಗಳ ಏರ್ಪಾಟಾಯಿತು. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ, ಎಂಜಿನಿಯರಿಂಗ್ ಓದುವ ರೈತರ ಗಂಡುಮಕ್ಕಳಿಗೆ ವರ್ಷಕ್ಕೆ 10,000, ಹೆಣ್ಣುಮಕ್ಕಳಿಗೆ 11,000 ರೂಪಾಯಿಗಳೆಂದು ಗೊತ್ತುಮಾಡಿದ್ದರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಂತೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ಇದು ಶಿಕ್ಷಣದ ಯೋಜನೆಯೆಂದು ಯಾರೂ ಕರೆಯದಿದ್ದರೂ, ಹಳ್ಳಿಯ ಹುಡುಗಿಯು ಹೋಬಳಿಯನ್ನು ದಾಟಿ ತಾಲ್ಲೂಕು ಕೇಂದ್ರದ ಕಾಲೇಜಿಗೆ ಹೋಗುವುದಕ್ಕೆ ಇದರಷ್ಟು ಅನುಕೂಲವಾದ ಏರ್ಪಾಟು ಮತ್ತೊಂದಿಲ್ಲ. ಇದರ ಗುಣವೇನೆಂದರೆ, ಅರ್ಜಿಯಿಲ್ಲ, ಕಾಯುವುದಿಲ್ಲ. ಬಸ್ಸು ಹತ್ತಿದೊಡನೆಯೇ ಸಹಾಯವು ಕೈಸೇರಿತು. ಆದುದರಿಂದ ತಂದೆಯು ಮಗಳ ಕಾಲೇಜನ್ನು ಆರಿಸುವಾಗ ಅದನ್ನು ನಂಬಿ ಲೆಕ್ಕ ಹಾಕಬಲ್ಲನು.

ಉಳಿದ ಸಹಾಯಗಳಲ್ಲಿ ಇಂತಹ ನಂಬಿಕೆಗೆ ಅವಕಾಶವಿಲ್ಲ. ಶುಲ್ಕವನ್ನು ಕಟ್ಟಬೇಕಾದುದು ಸೇರುವ ದಿನ. ವೇತನವು ಬರುವುದು ಅರ್ಜಿ, ಪರಿಶೀಲನೆ, ಮಂಜೂರಾತಿಗಳೆಲ್ಲ ಮುಗಿದ ಮೇಲೆ. ಸೇರುವ ದಿನ ಕೈಯಲ್ಲಿ ಹಣವಿದ್ದವನಿಗೆ ಅನಂತರ ಬರುವ ವೇತನವು ಒಂದು ಲಾಭ. ಹಣವಿಲ್ಲದವನಾದರೋ ಆ ಕಾಲೇಜಿನ ಹೆಸರನ್ನೇ ಪಟ್ಟಿಯಿಂದ ಹೊಡೆದುಹಾಕಿರುತ್ತಾನೆ. ಬಂದೀತೋ ಬಾರದೋ ಎಂದು ಗೊತ್ತಿಲ್ಲದ ಹಣವನ್ನು ನಂಬಿ ಯಾವ ಬಡ ಗೃಹಸ್ಥನೂ ಮಗನನ್ನು ಪರಊರಿಗೆ ಕಳುಹಿಸಲಾರನು.

ಹಿಂದಿನವರು ಈ ಮರ್ಮವನ್ನು ತಿಳಿದಿದ್ದರು. ವಾರಾನ್ನದ ಪದ್ಧತಿಯನ್ನು ನಮ್ಮ ಹಿರಿಯ ವಾಚಕರು ಬಲ್ಲರು. ಸೋಮವಾರ ಈ ಮನೆ, ಮಂಗಳವಾರ ಆ ಮನೆ ಎಂದು ಗೊತ್ತಾದ ಮೇಲೆಯೇ ಹುಡುಗನು ಊರು ಬಿಟ್ಟು ಬರುತ್ತಿದ್ದನು. ಅದರಲ್ಲಿ ದೈನ್ಯವಿತ್ತು, ಜಾತಿಯ ಕಟ್ಟುಪಾಡಿತ್ತು, ಎಲ್ಲರಿಗೂ ಅದು ಒದಗುತ್ತಿರಲಿಲ್ಲ. ಆ ಪದ್ಧತಿಯು ಮತ್ತೆ ಬರಲೆಂದು ನಾವು ಹಾರೈಸುವುದಿಲ್ಲ. ಆದರೆ ಅನ್ನವು ನಿಶ್ಚಯವಾದ ಮೇಲೆ ವಿದ್ಯೆಯನ್ನು ಆರಿಸಿಕೊಳ್ಳುವ ಕ್ರಮವು ಅದರಲ್ಲಿತ್ತು. ತುಮಕೂರಿನ ಸಿದ್ಧಗಂಗಾ ಕ್ಷೇತ್ರದಲ್ಲಿ, 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿಮತಗಳನ್ನು ಎಣಿಸದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಒಟ್ಟಿಗೆ ಕೊಟ್ಟರು. ಅಲ್ಲಿ ಮಗನನ್ನು ಬಿಟ್ಟುಬಂದ ತಂದೆಗೆ ನಾಳೆಯ ಊಟದ ಚಿಂತೆಯಿರಲಿಲ್ಲ.

ಸರ್ ಎಂ. ವಿಶ್ವೇಶ್ವರಯ್ಯನವರ ಚರಿತ್ರೆಯೂ ಇದಕ್ಕೆ ಸಾಕ್ಷಿ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿಯನ್ನು ಪಡೆದ ಅವರು, ಮೈಸೂರು ಸರ್ಕಾರವು ಕೊಟ್ಟ ಸಹಾಯದಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ ಎಂಜಿನಿಯರಿಂಗ್ ಓದಿದರು. ಆ ಸಹಾಯವಿಲ್ಲದಿದ್ದರೆ ಅವರ ಮುಂದಿನ ಮಾರ್ಗವು ಯಾವುದಾಗುತ್ತಿತ್ತೋ ಬಲ್ಲವರಾರು? ಇದಕ್ಕೆ ಪ್ರತಿಯಾದ ಉದಾಹರಣೆಯೂ ನಮ್ಮ ತಾಲ್ಲೂಕಿನಲ್ಲಿಯೇ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ, 2025ರ ಸೆಪ್ಟೆಂಬರಿನಲ್ಲಿ ಕಾಲವಾದ ಡಾಕ್ಟರ್ ಎಸ್.ಎಲ್. ಭೈರಪ್ಪನವರು ಓದಿನ ನಡುವೆ ಶಾಲೆ ಬಿಟ್ಟು ಮುಂಬಯಿಯ ರೈಲ್ವೆ ನಿಲ್ದಾಣದಲ್ಲಿ ಹಮಾಲಿಯಾಗಿ ದುಡಿದುದುಂಟು. ಅವರು ಮರಳಿ ಬಂದು ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದರು. ನಾವು ಅಂತಹವರನ್ನು ಕೊಂಡಾಡುವಾಗ, ಅವರಂತೆ ಊರು ಬಿಟ್ಟು ಹೋಗಿ ಮರಳಿ ಶಾಲೆಗೆ ಬಾರದ ಮಕ್ಕಳೆಷ್ಟು ಮಂದಿಯೆಂದು ಯೋಚಿಸುವುದಿಲ್ಲ. ಅಸಾಧಾರಣ ಪುರುಷನು ಮುಚ್ಚಿದ ಬಾಗಿಲನ್ನೂ ಒಡೆದು ಒಳಗೆ ಬರುವನು. ಸಾಧಾರಣ ಬುದ್ಧಿಯ ಒಳ್ಳೆಯ ಹುಡುಗನಿಗೆ ಬಾಗಿಲು ತೆರೆದಿದೆಯೆಂದು ಯಾರಾದರೂ ಹೇಳಬೇಕು.

ಹೇಳುವುದರಿಂದಲೇ ಎಷ್ಟು ಪ್ರಯೋಜನವಾಗುವುದೆಂಬುದಕ್ಕೆ ದೂರದ ಅಮೆರಿಕದಲ್ಲಿ ಒಂದು ಪರೀಕ್ಷೆ ನಡೆದಿದೆ. ಆ ದೇಶದ ಕಾಲೇಜುಗಳ ಶುಲ್ಕವನ್ನು ಕೇಳಿದರೆ ಎದೆ ನಡುಗುತ್ತದೆ. ಆದರೆ ಬಡವರಾದ ಬುದ್ಧಿವಂತ ವಿದ್ಯಾರ್ಥಿಗಳಿಗೆ ಸಹಾಯವೆಲ್ಲ ಕಳೆದು ಉಳಿಯುವ ಹೊರೆಯು ಅನೇಕ ವೇಳೆ ಸ್ವಲ್ಪವೇ. ಬಡವರಿಗೆ ಇದು ತಿಳಿಯದೆ ಅವರು ಅರ್ಜಿಯನ್ನೇ ಹಾಕುತ್ತಿರಲಿಲ್ಲ. ಮಿಷಿಗನ್ ವಿಶ್ವವಿದ್ಯಾನಿಲಯದವರು 2015ರಲ್ಲಿ ತಮ್ಮ ಸಂಸ್ಥಾನದ ಬಡ ಕುಟುಂಬಗಳ ಪ್ರತಿಭಾವಂತ ವಿದ್ಯಾರ್ಥಿಗಳನ್ನು ಗುರುತಿಸಿ, ಕೆಲವರಿಗೆ ಮೊದಲೇ ಒಂದು ಪತ್ರವನ್ನು ಕಳುಹಿಸಿದರು: ‘ನಿಮಗೆ ಇಲ್ಲಿ ಪ್ರವೇಶ ದೊರೆತರೆ ನಾಲ್ಕು ವರ್ಷಗಳ ಬೋಧನಾಶುಲ್ಕವಿಲ್ಲ’ ಎಂಬುದು ಅದರ ತಾತ್ಪರ್ಯ. ವಿಶೇಷವೇನೆಂದರೆ, ಪತ್ರ ಬಾರದವರಿಗೂ ಬಹುಮಟ್ಟಿಗೆ ಅದೇ ಸಹಾಯವು ದೊರೆಯುವಂತಿತ್ತು. ಹೊಸದಾಗಿ ಕೊಟ್ಟುದು ಒಂದು ಭರವಸೆಯನ್ನು ಮಾತ್ರ. ಫಲವನ್ನು ಸೂಸನ್ ಡೈನಾರ್ಸ್ಕಿ ಎಂಬ ಅರ್ಥಶಾಸ್ತ್ರಜ್ಞೆಯೂ ಅವರ ಸಂಗಡಿಗರೂ ಲೆಕ್ಕ ಹಾಕಿದ್ದಾರೆ. ಪತ್ರ ಬಾರದವರಲ್ಲಿ ನೂರಕ್ಕೆ 26 ಮಂದಿ ಅರ್ಜಿ ಹಾಕಿದರೆ, ಪತ್ರ ಬಂದವರಲ್ಲಿ 68 ಮಂದಿ ಹಾಕಿದರು. ಅಲ್ಲಿಗೆ ಸೇರಿದವರು ನೂರಕ್ಕೆ 12ರಿಂದ 27ಕ್ಕೆ ಏರಿದರು. ಒಂದು ಕಾಗದವು ಇಷ್ಟು ಮಾಡಿತು.

ಅಷ್ಟು ದೂರ ಹೋಗಬೇಕೆಂದೂ ಇಲ್ಲ. ನೆರೆಯ ತಮಿಳುನಾಡಿನಲ್ಲಿ, ಆರನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ 2020ರಲ್ಲಿ ವೈದ್ಯಕೀಯ ಸ್ಥಾನಗಳಲ್ಲಿಯೂ, 2021ರಲ್ಲಿ ಎಂಜಿನಿಯರಿಂಗ್ ಮೊದಲಾದ ಸ್ಥಾನಗಳಲ್ಲಿಯೂ ನೂರಕ್ಕೆ ಏಳೂವರೆಯಂತೆ ಮೀಸಲಿಟ್ಟು, ಅವರ ಶುಲ್ಕವನ್ನು ಸರ್ಕಾರವೇ ವಹಿಸಿಕೊಂಡಿತು. ಅಲ್ಲಿಯ ತಂದೆಯು ಮಗನನ್ನು ಆರನೆಯ ತರಗತಿಗೆ ಸೇರಿಸುವಾಗಲೇ ಹನ್ನೆರಡನೆಯ ತರಗತಿಯ ಆಚೆಯದನ್ನು ನೋಡಬಲ್ಲನು. ನಮ್ಮ ರಾಜ್ಯದಲ್ಲಿ ಗ್ರಾಮೀಣ ಮೀಸಲೂ ಕನ್ನಡ ಮಾಧ್ಯಮದ ಮೀಸಲೂ ಬಹುಕಾಲದಿಂದ ಇದ್ದರೂ, ಒಂದನೆಯ ತರಗತಿಗೆ ಮಗುವನ್ನು ಕರೆತಂದ ತಂದೆಗೆ ಅವುಗಳ ಹೆಸರನ್ನು ಹೇಳುವವರಿಲ್ಲ.

ಇಲ್ಲಿ ಒಂದು ಆಕ್ಷೇಪವು ಬರುವುದು ಸಹಜ. ಮಗುವಿನ ಶಾಲೆಯನ್ನು ಮಗುವಿನ ಬುದ್ಧಿಯ ಬೆಳವಣಿಗೆಗಾಗಿ ಆರಿಸಬೇಕೋ, ಹನ್ನೆರಡು ವರ್ಷಗಳ ಆಚೆಯ ಮೀಸಲಿಗಾಗಿ ಆರಿಸಬೇಕೋ? ಉಪಾಧ್ಯಾಯರಿಲ್ಲದ, ಮಾಡು ಸೋರುವ ಶಾಲೆಯಲ್ಲಿ ಮಗುವನ್ನು ಹತ್ತು ವರ್ಷ ಕುಳ್ಳಿರಿಸಿ, ಅನಂತರ ನೂರಕ್ಕೆ 15ರ ಪಾಲನ್ನು ಕಾಯಬೇಕೇ? ಈ ಆಕ್ಷೇಪದಲ್ಲಿ ಹುರುಳಿದೆ. ಪಟ್ಟಣದ ಶಾಲೆಗೆ ಹಣ ಕೊಟ್ಟ ತಂದೆಯು ಮೂರ್ಖನಲ್ಲ. ತನ್ನ ಕಣ್ಣಿಗೆ ಕಂಡ ಶಾಲೆಗಳಲ್ಲಿ ಉತ್ತಮವಾದುದನ್ನು ಆರಿಸಿದನು. ಕನ್ನಡದ ಅಭಿಮಾನವನ್ನು ಬಡವನ ಮಗನ ಬೆನ್ನಿನ ಮೇಲೆ ಹೊರಿಸಿ, ನಮ್ಮ ಮಕ್ಕಳನ್ನು ಮಾತ್ರ ಇಂಗ್ಲಿಷ್ ಶಾಲೆಗೆ ಕಳುಹಿಸುವ ಭಾಷಾಭಿಮಾನವು ನಮಗೆ ಬೇಡ. ಸರ್ಕಾರವೇ 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಅಂತಹ ವಿಭಾಗದಲ್ಲಿ ಓದಿದ ಹಳ್ಳಿಯ ಮಗುವಿಗೆ ಗ್ರಾಮೀಣ ಮೀಸಲು ಉಳಿದು, ಕನ್ನಡ ಮಾಧ್ಯಮದ ಮೀಸಲು ಮಾತ್ರ ತಪ್ಪುವುದು. ಅದೂ ಒಂದು ಮಾರ್ಗವೇ; ಆದರೆ ತಿಳಿದು ಹಿಡಿಯಬೇಕಾದ ಮಾರ್ಗ.

ಆದುದರಿಂದ ನಾವು ಹೇಳುವುದಿಷ್ಟೆ. ಯಾವ ಶಾಲೆಯನ್ನು ಆರಿಸಬೇಕೆಂಬುದು ತಂದೆತಾಯಿಗಳ ಹಕ್ಕು. ಆ ಆಯ್ಕೆಯಿಂದ ಮುಂದೆ ಏನು ಬರುತ್ತದೆ, ಏನು ಹೋಗುತ್ತದೆ ಎಂಬುದನ್ನು ಮೊದಲೇ ತಿಳಿಸಬೇಕಾದುದು ಸರ್ಕಾರದ ಕರ್ತವ್ಯ. ಸಂತೆಯಲ್ಲಿ ಹಸುವನ್ನು ಕೊಳ್ಳುವ ರೈತನು ಹಲ್ಲು ಹಿಡಿದು ನೋಡಿ, ಹಾಲು ಕರೆದು ನೋಡಿ ಕೊಳ್ಳುತ್ತಾನೆ. ಮಗನ ವಿದ್ಯೆಗೆ ತೋಟವನ್ನೇ ಒತ್ತೆಯಿಡುವವನಿಗೆ ಅಷ್ಟು ಅವಕಾಶವೂ ಬೇಡವೇ?

ಈ ವಿಷಯದಲ್ಲಿ ಅಧಿಕಾರಿಗಳ ಪರ್ಯಾಲೋಚನೆಗೆ ಮೂರು ಸಲಹೆಗಳನ್ನು ಸೂಚಿಸುತ್ತೇವೆ. ಮೊದಲನೆಯದು: ಒಂದನೆಯ ತರಗತಿಗೆ ಸೇರಿಸುವಾಗಲೂ, ಎಂಟನೆಯ ತರಗತಿಯಲ್ಲಿಯೂ, ಎಸ್.ಎಸ್.ಎಲ್.ಸಿ. ಆದಮೇಲೂ, ಸರ್ಕಾರಿ ಖಾಸಗಿ ಎಂಬ ಭೇದವಿಲ್ಲದೆ ಪ್ರತಿಯೊಂದು ಶಾಲೆಯ ಮುಖ್ಯೋಪಾಧ್ಯಾಯರೂ ತಂದೆತಾಯಿಗಳಿಗೆ ಒಂದು ಹಾಳೆಯನ್ನು ಕೊಡಲಿ. ಈ ಶಾಲೆಯಲ್ಲಿ ಓದಿದರೆ ಯಾವ ಮೀಸಲು, ಯಾವ ವೇತನ ಉಳಿಯುತ್ತದೆ, ಯಾವುದು ತಪ್ಪುತ್ತದೆ ಎಂಬುದು ಅದರಲ್ಲಿ ತಿಳಿಗನ್ನಡದಲ್ಲಿರಲಿ. ಇದಕ್ಕೆ ಕಾಗದದ ಖರ್ಚಲ್ಲದೆ ಬೇರೆ ಖರ್ಚಿಲ್ಲ. ಎರಡನೆಯದು: ಪಡಿತರ ಚೀಟಿಯೂ ಜಾತಿ ಆದಾಯಗಳ ದಾಖಲೆಯೂ ಸರ್ಕಾರದ ಕೈಯಲ್ಲಿಯೇ ಇರುವಾಗ, ತಾಲ್ಲೂಕು ಕಚೇರಿಗೆ ತಿರುಗಿಸುವುದನ್ನು ಬಿಟ್ಟು, ಪಿ.ಯು. ಮೊದಲನೆಯ ವರ್ಷದಲ್ಲಿಯೇ ಪ್ರತಿಯೊಬ್ಬ ವಿದ್ಯಾರ್ಥಿಗೂ ‘ನಿನಗೆ ಇಂತಿಂತಹ ಸಹಾಯವು ಸಲ್ಲತಕ್ಕದ್ದು’ ಎಂಬ ಭರವಸೆಯ ಪತ್ರವನ್ನು ಕೊಡಲಿ. ಮೂರನೆಯದು: ಹಾಗೆ ಭರವಸೆ ಪಡೆದ ವಿದ್ಯಾರ್ಥಿಯಿಂದ ಪ್ರವೇಶದ ದಿನ ಕಾಲೇಜಿನವರು ಆ ಮೊತ್ತವನ್ನು ಕೇಳದೆ, ಸರ್ಕಾರದಿಂದಲೇ ವಸೂಲು ಮಾಡಿಕೊಳ್ಳಲಿ. ತಡವಾದರೆ ಅದರ ತೊಂದರೆಯು ಎರಡು ಸಂಸ್ಥೆಗಳ ನಡುವೆ ಇರಲಿ. ಹದಿನೆಂಟು ವರ್ಷದ ಹುಡುಗಿಯ ತಲೆಯ ಮೇಲೆ ಬೀಳದಿರಲಿ. ಪರಾಧೀನ ಭಾರತದಲ್ಲಿಯೇ, 1911ರಲ್ಲಿ, ಗೋಖಲೆಯವರು ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ತಂದು ವಾದಿಸಿದರು. ಮೈಸೂರು ಸಂಸ್ಥಾನವು 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆಯನ್ನು ಮಾಡಿತು. ಸ್ವತಂತ್ರ ರಾಷ್ಟ್ರದ ಅಧಿಕಾರಿಗಳಿಗೆ ಈ ಮೂರು ಕೆಲಸಗಳು ಭಾರವಾಗಲಾರವು.

ನಮ್ಮ ತಪ್ಪನ್ನೂ ನಾವು ಒಪ್ಪಿಕೊಳ್ಳಬೇಕು. ವಿದ್ಯಾರ್ಥಿವೇತನಗಳ ಪ್ರಕಟನೆಯನ್ನು ಈ ಪತ್ರಿಕೆಯು ಒಳಪುಟದ ಮೂಲೆಯಲ್ಲಿ ಎರಡು ಸಾಲಿನಲ್ಲಿ, ಅದೂ ಕಡೆಯ ದಿನಾಂಕವು ಸಮೀಪಿಸಿದ ಮೇಲೆ ಅಚ್ಚುಮಾಡುತ್ತ ಬಂದಿದೆ. ಕಾಲೇಜುಗಳ ಜಾಹೀರಾತಿಗೆ ಅರ್ಧ ಪುಟವನ್ನು ಕೊಟ್ಟಿದ್ದೇವೆ. ಬಾಗೂರಿನ ಗೃಹಸ್ಥರು ನಮ್ಮ ಪತ್ರಿಕೆಯನ್ನು ವರ್ಷಗಳಿಂದ ಓದುತ್ತಿರುವವರು; ಅವರಿಗೆ ತಿಳಿಯದಿದ್ದುದಕ್ಕೆ ಸರ್ಕಾರವು ಎಷ್ಟು ಹೊಣೆಯೋ ನಾವೂ ಅಷ್ಟೇ ಹೊಣೆ. ಇನ್ನು ಮೇಲೆ ಪ್ರತಿವರ್ಷವೂ ಮೇ ತಿಂಗಳಿನಲ್ಲಿ, ಜಾಹೀರಾತಿಗಿಂತ ಮೊದಲು, ಈ ಸಂಗತಿಗಳನ್ನು ಒಂದು ಪೂರ್ಣ ಪುಟದಲ್ಲಿ ಪ್ರಕಟಿಸುವೆವೆಂದು ವಾಚಕರಿಗೆ ಮಾತು ಕೊಡುತ್ತೇವೆ. ಓದಬಲ್ಲವರು ಅದನ್ನು ಓದಲಾರದ ನೆರೆಯವರಿಗೆ ಓದಿ ಹೇಳಬೇಕೆಂದು ಪ್ರಾರ್ಥಿಸುತ್ತೇವೆ.

ಆ ತಂದೆಗೆ ನಾವು ಹೇಳಿದ ಉತ್ತರವನ್ನೂ ವಾಚಕರಿಗೆ ತಿಳಿಸಬೇಕಷ್ಟೆ. ಮಗಳು ಹತ್ತು ವರ್ಷ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿರುವುದರಿಂದ ಎರಡು ಮೀಸಲುಗಳಿಗೂ ಅರ್ಹಳಾಗಿದ್ದಾಳೆ, ಪಿ.ಯು.ವನ್ನು ಎಲ್ಲಿ ಓದಿದರೂ ಅವು ತಪ್ಪುವುದಿಲ್ಲ. ಇನ್ನೊಂದುಂಟು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದವರು 2025ರಿಂದ ನಮ್ಮ ರಾಜ್ಯದಲ್ಲಿಯೂ, ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳೆರಡನ್ನೂ ಸರ್ಕಾರಿ ಸಂಸ್ಥೆಗಳಲ್ಲಿ ಓದಿ ಪದವಿಗೋ ಡಿಪ್ಲೊಮಾಗೋ ಸೇರುವ ಹುಡುಗಿಯರಿಗೆ ವರ್ಷಕ್ಕೆ 30,000 ರೂಪಾಯಿಗಳ ವೇತನವನ್ನು ಏರ್ಪಡಿಸಿದ್ದಾರೆ. ನಾಲ್ಕು ವರ್ಷಗಳ ವ್ಯಾಸಂಗಕ್ಕೆ ಅದು 1 ಲಕ್ಷ 20 ಸಾವಿರವಾಯಿತು. ಖಾಸಗಿ ಪದವಿಪೂರ್ವ ಕಾಲೇಜಿಗೆ ಸೇರಿಸಿದರೆ ಆ ಅರ್ಹತೆಯು ತಪ್ಪುವುದು. ಜೊತೆಗೆ ಅಲ್ಲಿಯ ಶುಲ್ಕವೂ ಬೀಳುವುದು. ಸರ್ಕಾರಿ ಕಾಲೇಜಿನಲ್ಲಿ ಆಕೆಗೆ ಬೇಕಾದ ವಿಷಯಗಳಿಗೆ ಉಪನ್ಯಾಸಕರಿರುವರೇ ಎಂಬುದನ್ನು ಹೋಗಿ ವಿಚಾರಿಸಿಕೊಂಡು, ಎರಡನ್ನೂ ತೂಗಿ ನೋಡಿರೆಂದು ಹೇಳಿದೆವು. ಇದಕ್ಕಿಂತ ಹೆಚ್ಚು ಹೇಳುವ ಅಧಿಕಾರವು ನಮಗಿರಲಿಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡರು. “ಮಗನಿಗೆ ಆರು ವರ್ಷವಾಗಿದ್ದಾಗ ಈ ಚೀಟಿ ಸಿಕ್ಕಬೇಕಾಗಿತ್ತು, ಸ್ವಾಮಿ” ಎಂದರು. ಬಾಗಿಲವರೆಗೆ ಹೋಗಿ ನಿಂತು, “ಇರಲಿ, ಇದನ್ನು ಮಗಳ ಕೈಗೇ ಕೊಟ್ಟು ಕೇಳುತ್ತೇನೆ. ಇದುವರೆಗೆ ಆಕೆಯನ್ನು ಯಾರೂ ಕೇಳಿಲ್ಲ” ಎಂದು ಹೇಳಿ ಬಸ್ಸಿಗೆ ಹೊರಟರು. ಬಾಗೂರು ಹೋಬಳಿಯಲ್ಲಿ ಈ ವರ್ಷ ಒಂದನೆಯ ತರಗತಿಗೆ ಸೇರುವ ಮಕ್ಕಳ ತಂದೆತಾಯಿಗಳಿಗೆ ಆ ಚೀಟಿಯು ಸಕಾಲದಲ್ಲಿ ತಲುಪುವಂತೆ ಮಾಡುವುದು ಇನ್ನು ಅಧಿಕಾರಿಗಳಿಗೂ ನಮಗೂ ಸೇರಿದ ಕೆಲಸ.